ಬೀಳದ ನಾಲ್ಕಾಣೆ

ಆ ನಾಲ್ಕಾಣೆ ಬಿದ್ದಿರಲಿಲ್ಲ, ಸುಮಿತ್ರಾ. ಬಿತ್ತು ಎಂದು ನಾನು ಹೇಳಿದ್ದು ಸುಳ್ಳು. ಪಿಸ್ತೂಲಿನ ಬೆನ್ನ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು — ನಾನೇ ಅದನ್ನು ಎರಡು ಬೆರಳಲ್ಲಿ ಎತ್ತಿ ನಿನ್ನ ಕಾಲ ಬಳಿಯ ಮರಳಿನಲ್ಲಿ ಹಾಕಿದೆ. ಆಮೇಲೆ ನಿನ್ನ ಕಣ್ಣಿಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿದೆ.

ಇಷ್ಟು ಹೇಳಲು ನನಗೆ ಮೂವತ್ತು ವರ್ಷ ಹಿಡಿಯಿತು. ಇನ್ನೂ ಹೇಳುವುದಿದೆ, ಅದು ಇದಕ್ಕಿಂತ ಕೆಟ್ಟದ್ದು. ಆದರೆ ಒಂದೇ ಸಲಕ್ಕೆ ಬರೆದು ಮುಗಿಸುವ ಶಕ್ತಿ ಇಲ್ಲ. ಬಲಗೈ ಹೆಬ್ಬೆರಳಿನ ಬುಡ ಈಗ ಪೆನ್ನು ಹಿಡಿದರೂ ನೋಯುತ್ತದೆ. ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ, ಕೈ ಕೊಡವಿಕೊಂಡು, ಮತ್ತೆ ಶುರು ಮಾಡುತ್ತೇನೆ. ಮೊನ್ನೆ ನನ್ನ ಹೆಂಡತಿ ಇಂದಿರಾ ನಕ್ಕಳು — "ಜನ್ಮಾ ಎಲ್ಲಾ ಪಿಸ್ತೂಲ್ ಬಿಚ್ಚಿ ಜೋಡಿಸಿದ ಕೈಯಂತ, ಈಗ ನೋಡಿದ್ರ ಕುಕ್ಕರ್ ಮುಚ್ಚಳ ತಗ್ಯಾಕ ಬರಂಗಿಲ್ಲ." ನಾನೂ ನಕ್ಕೆ. ಅವಳಿಗೂ ಈ ಸಂಗತಿ ಹೇಳಿಲ್ಲ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ನಿನ್ನ ಮಗಳೂ ಓದಬೇಕು. ನಿನಗಿಂತ ಅವಳೇ ಓದಬೇಕೇನೋ — ಯಾಕೆಂದು ಕೊನೆಗೆ ಹೇಳುತ್ತೇನೆ.

ನಾನು ಪೊಲೀಸ್ ತರಬೇತಿಯಲ್ಲಿ ಪಿಸ್ತೂಲು ಕಲಿಸುವ ಉಸ್ತಾದ್ ಆಗಿದ್ದೆ. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ಹೈದರಾಬಾದಿಗೆ ಬಂದು ಕಚೇರಿ ಸೇರಿದವರು, ಅಪ್ಪನೂ ಗುಮಾಸ್ತರೇ. ಮನೆತನದಲ್ಲಿ ಖಾಕಿ ಹಾಕಿದವನು ನಾನೊಬ್ಬನೇ. ಊರಾಚೆ ಬಂಡೆಗಳ ನಡುವೆ ನಮ್ಮ ಗುಂಡು ಹಾರಿಸುವ ಮೈದಾನವಿತ್ತು. ಅಲ್ಲಿ ನನ್ನ ಮಾತೇ ಮಾತು.

ಮೊದಲಿದ್ದ ಪಿಸ್ತೂಲುಗಳಲ್ಲಿ ಮ್ಯಾಗಝೀನು — ಗುಂಡು ತುಂಬುವ ಆ ಚಪ್ಪಟೆ ಡಬ್ಬಿ — ಬಿಚ್ಚುವ ಕೊಂಡಿ ಹಿಡಿಯ ತಳದಲ್ಲಿರುತ್ತಿತ್ತು. ಬಿಚ್ಚಲು ಎರಡೂ ಕೈ ಬೇಕು. ಎಡಗೈಯವರಾಗಲಿ ಬಲಗೈಯವರಾಗಲಿ, ಎಲ್ಲರಿಗೂ ಒಂದೇ ತಾಪತ್ರಯ. ಹೊಸ ಪಿಸ್ತೂಲು ಬಂದಾಗ ಆ ಕೊಂಡಿ ಹೋಗಿ, ಹಿಡಿಯ ಎಡಮಗ್ಗುಲಿಗೆ, ಟ್ರಿಗರಿನ ಹಿಂದೆ, ಒಂದು ಸಣ್ಣ ಬಟನ್ನು ಬಂತು. ಬಲಗೈಯಲ್ಲಿ ಹಿಡಿದವನ ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಬರುತ್ತದೆ. ಒತ್ತಿದರೆ ಖಾಲಿ ಮ್ಯಾಗಝೀನು ಕೆಳಗೆ ಜಾರುತ್ತದೆ, ಅಷ್ಟರಲ್ಲಿ ಇನ್ನೊಂದು ಕೈ ಹೊಸದನ್ನು ತಂದಿರಬೇಕು. ಮಣಿಕಟ್ಟು ತಿರುಗಬಾರದು. ಮೂತಿ ಗುರಿ ಬಿಟ್ಟು ಸರಿಯಬಾರದು. ತೋರುಬೆರಳು ಟ್ರಿಗರಿನಿಂದ ಹೊರಗಿರಬೇಕು. ಮತ್ತೆ, ಇದೆಲ್ಲ ನಡೆಯುವಾಗ ಕಣ್ಣು ಕೈಯ ಕಡೆ ಹೊರಳಬಾರದು.

ಇದರಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ. ನನ್ನ ಹೆಬ್ಬೆರಳಿನ ಮೇಲೆ ನನಗೆ ಜಂಬವಿತ್ತು — ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಒಂದು ಬೆರಳಿನ ಮೇಲೆ ಜಂಬ. ನಾಲ್ಕಾಣೆಯ ಪರೀಕ್ಷೆಯೂ ನಾನೇ ಹೂಡಿದ್ದು. ಕಲಿಯುವವರ ಕಣ್ಣಿಗೆ ಕರವಸ್ತ್ರ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಖಾಲಿ ಪಿಸ್ತೂಲಿನ ಬೆನ್ನ ಮೇಲೆ ನಾಲ್ಕಾಣೆಯ ನಾಣ್ಯ ಇಡುತ್ತಿದ್ದೆ. ಮೂರು ಸಲ ಮ್ಯಾಗಝೀನು ಬದಲಿಸಬೇಕು, ನಾಣ್ಯ ಬೀಳಬಾರದು. ಬಿದ್ದರೆ ಕೈ ಅಲುಗಿತೆಂದು ಅರ್ಥ. ಬಿತ್ತೋ ಇಲ್ಲವೋ ಎಂಬುದು ಅವರಿಗೆ ಕಾಣದು, ಕೇಳದು. ನಾನು ಹೇಳಿದ್ದೇ ಖರೆ.

ನೀನು ಬಂದ ತಂಡದಲ್ಲಿ ಹೆಣ್ಣುಮಕ್ಕಳು ನಾಲ್ಕೇ ಜನ. ಗುಲ್ಬರ್ಗಾ ಕಡೆಯವಳೆಂದು ನಿನ್ನ ಮೊದಲ ಮಾತಿಗೇ ಗೊತ್ತಾಯಿತು. ಎಲ್ಲರೆದುರು ಉಸ್ತಾದ್ ಎನ್ನುತ್ತಿದ್ದವಳು ಒಬ್ಬಳೇ ಸಿಕ್ಕಾಗ "ಸರ" ಎಂದು ಕನ್ನಡಕ್ಕೆ ತಿರುಗುತ್ತಿದ್ದೆ. ಒಮ್ಮೆ ಯಾಕಮ್ಮಾ ಈ ಕೆಲಸಕ್ಕೆ ಬಂದೆ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ಇನ್ನೂ ನೆನಪಿದೆ: "ಹೆಣ್ಣಮಕ್ಕಳು ಫಿರ್ಯಾದಿ ಕೊಡಾಕ ಠಾಣೇಕ್ಕ ಬಂದ್ರ, ಎದುರಿಗೆ ಕುರ್ಚಿ ಮ್ಯಾಲ ಒಬ್ಬಾಕಿ ಹೆಣ್ಣಮಗಳು ಇರಬೇಕ್ರಿ ಸರ." ಆ ಕುರ್ಚಿಯ ದಾರಿ ಪಿಸ್ತೂಲಿನ ಪರೀಕ್ಷೆಯ ಮೇಲೆಯೇ ಹಾದುಹೋಗುತ್ತಿತ್ತು. ಅದರಲ್ಲಿ ತೇರ್ಗಡೆಯಾಗದವರಿಗೆ ಠಾಣೆ ಇಲ್ಲ.

ನೀನು ಎಡಗೈಯವಳು, ಬರೆಯುತ್ತಿದ್ದುದೂ ಎಡಗೈಯಲ್ಲೇ. ನಾನು ಎಲ್ಲರಿಗೂ ಬಲಗೈಯನ್ನೇ ಕಲಿಸುತ್ತಿದ್ದೆ. ಕೈ ಬೇರೆ ಸಣ್ಣದು — ಬಲಗೈ ಹೆಬ್ಬೆರಳು ಬಟನ್ನಿಗೆ ಎಟಕುತ್ತಿರಲಿಲ್ಲ. ಎಟಕಿಸಬೇಕಾದರೆ ಹಿಡಿತವನ್ನೇ ಸಡಿಲಿಸಿ ಪಿಸ್ತೂಲನ್ನು ಅಂಗೈಯಲ್ಲಿ ತಿರುಗಿಸಬೇಕು, ತಿರುಗಿಸಿದರೆ ಮೂತಿ ಪಕ್ಕದವರ ಕಡೆ ಹೋಗುತ್ತದೆ. ನಾಲ್ಕಾಣೆ ಪ್ರತಿ ಸಲವೂ ಬೀಳುತ್ತಿತ್ತು. ನಾನು ಪ್ರತಿ ಸಲವೂ ಬೈಯುತ್ತಿದ್ದೆ. ಉಳಿದವರಿಗಿಂತ ನಿನಗೇ ಒಂದು ಕೈ ಹೆಚ್ಚು ಬೈಗುಳ. ನಮ್ಮ ಕಡೆಯ ಹುಡುಗಿಯೆಂದು ಉಸ್ತಾದ್ ಮೆತ್ತಗಾಗಿದ್ದಾನೆ ಎಂದು ಯಾರೂ ಅನ್ನಬಾರದಲ್ಲ. ಅಲ್ಲಿ ಕನ್ನಡದವರು ನಾವಿಬ್ಬರೇ. ನಿಷ್ಪಕ್ಷಪಾತಿ ಎನ್ನಿಸಿಕೊಳ್ಳುವ ಚಟ ನನಗಿತ್ತು.

ಪರೀಕ್ಷೆಗೆ ಒಂದು ವಾರ ಇದ್ದಾಗ, ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀನು ನನ್ನ ಬಳಿ ಬಂದೆ. ಆಚೆ ಬದಿಯಲ್ಲಿ ಇನ್ನೊಂದು ತಂಡದವರು ಗುಂಡು ಹಾರಿಸುತ್ತಿದ್ದರು. "ಎಡಗೈಲೆ ಒಂದ್ಸಲ ಮಾಡಿ ತೋರಸ್ತೀನ್ರಿ ಸರ. ಹೆಬ್ಬೆರಳು ಬ್ಯಾಡ್ರಿ, ಬಟನ್ ತೋರುಬೆರಳಿಗೇ ಸಿಗತೈತಿ." ಆಗಲೆಂದೆ. ಖಾಲಿ ಪಿಸ್ತೂಲು ಕೊಟ್ಟೆ, ಕರವಸ್ತ್ರ ಕಟ್ಟಿದೆ, ನೀನು ಕಿವಿಗೆ ಹತ್ತಿ ಇಟ್ಟುಕೊಂಡೆ, ನಾನು ನಾಣ್ಯ ಇಟ್ಟೆ.

ಎಡಗೈಯಲ್ಲಿ ಹಿಡಿದಾಗ ಆ ಬಟನ್ನು ತೋರುಬೆರಳಿನ ಕಡೆಗೇ ಬೀಳುತ್ತದೆ. ಟ್ರಿಗರಿನಿಂದ ಹೊರಗಿಡಬೇಕಾದ ಬೆರಳು ತಾನಾಗಿ ಅಲ್ಲಿಗೆ ಹೋಗಿ ಒತ್ತುತ್ತದೆ. ಒತ್ತುತ್ತಿರುವಷ್ಟು ಹೊತ್ತೂ ಅದು ಟ್ರಿಗರಿನ ಮೇಲೆ ಇರಲಾರದು — ಎಂಥ ಸುರಕ್ಷಿತ ಉಪಾಯ! ನನಗೆ ಹೊಳೆದಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ನೀನು ಒಂದು ಸಲ ಬದಲಿಸಿದೆ. ಎರಡು ಸಲ. ಮೂರನೆಯ ಸಲ. ಮೂತಿ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾಲ್ಕಾಣೆ ಬಿಸಿಲಿಗೆ ಹೊಳೆಯುತ್ತ ಸುಮ್ಮನೆ ಕೂತಿತ್ತು. ನನ್ನ ಹೆಬ್ಬೆರಳಿಗಿಂತ ನೀನು ಚುರುಕಾಗಿದ್ದೆ — ಅದು ನನಗೆ ಚೆನ್ನಾಗಿ ಗೊತ್ತಾಯಿತು.

ಆ ಗಳಿಗೆಯಲ್ಲಿ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಹೆಸರು ಹುಡುಕಿ ಹುಡುಕಿ ಸಾಕಾಗಿದೆ. ಮನಸ್ಸಿನಲ್ಲಿ ಬೇರೆಯವೂ ಇದ್ದವು ಅನ್ನು — ದಸರೆಗೆ ಕುಂಕುಮ ಹಚ್ಚಿ ಪೂಜಿಸುವ ಹತ್ಯಾರವದು, ನಮ್ಮಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಪ್ರಸಾದದ ಹಾಗೆ ಬಲಗೈಯಲ್ಲೇ. ಇವಳಿಗೊಂದು ರೀತಿ ಬಿಟ್ಟುಕೊಟ್ಟರೆ ನಾಳೆ ನಾಲಗೆಗಳು ಸುಮ್ಮನಿರುತ್ತವೆಯೇ... ಇದ್ದವು. ಆದರೆ ನಾಣ್ಯ ಎತ್ತಿದ ಬೆರಳುಗಳಿಗೆ ಅವು ಯಾವುವೂ ಬೇಕಿರಲಿಲ್ಲ.

ಕರವಸ್ತ್ರ ಬಿಚ್ಚಿದೆ. ನೀನು ಹತ್ತಿ ತೆಗೆದು ನನ್ನ ಮುಖ ನೋಡಿದೆ.

"ಬಿತ್ತು," ಎಂದೆ.

ಯಾವ ಸಲಕ್ಕೆ ಬಿತ್ತೆಂದು ನೀನು ಕೇಳಲಿಲ್ಲ. ಬಗ್ಗಿ ಮರಳಿನಿಂದ ನಾಲ್ಕಾಣೆ ಹೆಕ್ಕಿ, ಸೆರಗಿಲ್ಲದ ಖಾಕಿಯ ತೋಳಿಗೆ ಒರೆಸಿ, ನನಗೆ ಕೊಟ್ಟೆ — ಬಲಗೈಯಲ್ಲಿ.

ಪರೀಕ್ಷೆಯಲ್ಲಿ ನೀನು ಬಲಗೈಯಲ್ಲೇ ಹಿಡಿದೆ. ಮ್ಯಾಗಝೀನು ಬದಲಿಸುವಾಗ ಮೂತಿ ಪಕ್ಕದವನ ಕಡೆ ಹೊರಳಿತು, ನಾನು ಕೂಗಿ ನಿಲ್ಲಿಸಿದೆ. ಅದು ಅಪಾಯವೇ, ಸುಳ್ಳಲ್ಲ. ಆದರೆ ಅಂಥವರಿಗೆ ಮರುಪರೀಕ್ಷೆ ಕೊಡುವ ಪದ್ಧತಿಯಿತ್ತು. ಉಸ್ತಾದ್ ಒಂದು ಸಾಲು ಬರೆದರೆ ಸಾಕು. ನಾನು ಬರೆದದ್ದು ಹೀಗೆ: "ಎರಡೂ ಕೈಯಲ್ಲಿ ನೋಡಲಾಗಿದೆ. ಆಯುಧ ಹಿಡಿಯಲು ಸುರಕ್ಷಿತರಲ್ಲ. ಮರುಪರೀಕ್ಷೆ ಬೇಡ." ನಿನ್ನನ್ನು ಕಾಗದಪತ್ರಗಳ ವಿಭಾಗಕ್ಕೆ ಹಾಕಿದರು. ಕೆಲಸ ಬಿಡುವ ತನಕ ನೀನು ಕಡತಗಳಿಗೆ ದಾರ ಕಟ್ಟುತ್ತ ಉಳಿದೆ.

ಕೆಟ್ಟದ್ದು ಇನ್ನೂ ಇದೆ ಎಂದೆನಲ್ಲ.

ಎರಡು ವರ್ಷದ ನಂತರ ಒಬ್ಬ ದೊಡ್ಡ ಅಧಿಕಾರಿ ಮೈದಾನಕ್ಕೆ ಬಂದರು. ಎಡಗೈಯವರು. ಅವರಿಗೆ ಬಲಗೈಯಲ್ಲಿ ಹಿಡಿಯಿರಿ ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ದಸರೆಯೂ ನೆನಪಾಗಲಿಲ್ಲ, ಪ್ರಸಾದವೂ ನೆನಪಾಗಲಿಲ್ಲ. ಮ್ಯಾಗಝೀನು ಬಿಚ್ಚಲು ಅವರು ಪರದಾಡುತ್ತಿದ್ದಾಗ, ಪಿಸ್ತೂಲನ್ನು ನನ್ನ ಎಡಗೈಗೆ ತೆಗೆದುಕೊಂಡು, ತೋರುಬೆರಳಿನಿಂದ ಬಟನ್ನು ಒತ್ತಿ ತೋರಿಸಿದೆ. ನಿನ್ನದೇ ಹಿಡಿತ, ನಿನ್ನದೇ ಬೆರಳು. ಅವರಿಗೆ ಭಾಳ ಹಿಡಿಸಿತು. "ಯೇ ಕಿಸ್ಕಾ ತರೀಖಾ ಹೈ, ಉಸ್ತಾದ್?" ಎಂದು ಕೇಳಿದರು. ಇದು ಯಾರ ರೀತಿ? ಒಂದು ಹೆಸರು ಹೇಳಿದ್ದರೆ ಸಾಕಿತ್ತು. ನಿನಗಾಗ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ, ಮರುಪರೀಕ್ಷೆಗೆ ವಯಸ್ಸು ಮೀರಿರಲಿಲ್ಲ, ಅವರ ಒಂದು ಮಾತಿಗೆ ನಿನ್ನ ಕಾಗದ ಮತ್ತೆ ಮೇಲೆ ಬರುತ್ತಿತ್ತು.

"ಮೇರಾ ಹೀ ಹೈ, ಸಾಬ್," ಎಂದೆ. ನನ್ನದೇ.

ಅದು ತರಬೇತಿಯ ಕೈಪಿಡಿಗೆ ಹೋಯಿತು. ನನ್ನ ಹೆಸರಿನಲ್ಲಿ. ಗೋಡೆಗೆ ಹಾಕುವಂಥದೊಂದು ಪ್ರಶಂಸಾಪತ್ರ ಬಂತು, ಈಗಲೂ ಇಲ್ಲೇ ಮೆಹದಿಪಟ್ಟಣಂ ಮನೆಯ ಪಡಸಾಲೆಯಲ್ಲಿದೆ. ಆಮೇಲೆ ಬಂದ ಎಡಗೈಯವರಿಗೆಲ್ಲ ನಾನು ಅದನ್ನೇ ಕಲಿಸಿದೆ, ಚೆನ್ನಾಗಿ ಕಲಿಸಿದೆ. ಅವರು ಪಾಸಾದರು, ಠಾಣೆಗಳಿಗೆ ಹೋದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಒಬ್ಬೊಬ್ಬಳು ಹೋಗುವಾಗಲೂ ನಿನ್ನ ನೆನಪಾಗುತ್ತಿತ್ತು ಎಂದರೆ ಒಳ್ಳೆಯವನಂತೆ ಕಾಣುತ್ತೇನೆ. ಆಗುತ್ತಿರಲಿಲ್ಲ. ವರ್ಷಗಟ್ಟಲೆ ಆಗಲಿಲ್ಲ.

ಹೋದ ತಿಂಗಳು ಅಬಿಡ್ಸಿನ ಅಂಚೆ ಕಚೇರಿಯಲ್ಲಿ ನೀನು ಸಿಕ್ಕೆ. ನಾನು ಗುರುತು ಹಿಡಿಯಲಿಲ್ಲ, ನೀನೇ ಹಿಡಿದೆ. ಅಷ್ಟು ಜನರ ನಡುವೆ ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಎದ್ದು, ನಗುತ್ತ, ಆ ಮಾತು ಆಡಿದೆ. ನಿನಗದು ಸೌಜನ್ಯದ ಮಾತು. ನಾನು ಅಂದಿನಿಂದ ಸರಿಯಾಗಿ ಉಂಡಿಲ್ಲ.

"ನೀವು ಅವತ್ತ ನನ್ನ ತಡದದ್ದು ಚೊಲೋ ಆತ್ರಿ ಸರ. ನನ್ನ ಕೈಯಾಗ ಪಿಸ್ತೂಲ್ ಕೊಟ್ಟಿದ್ರ ಯಾರಿಗರ ಏನರ ಆಗಿಬಿಡತಿತ್ತು. ಈ ಎಡಗೈನ ನೆಟ್ಟಗಿಲ್ರಿ. ನನ್ನ ಮಗಳೂ ಹಂಗ ಇದ್ಲು. ಸಣ್ಣಾಕಿದ್ದಾಗನ ಕೈಗೆ ಬಟ್ಟಿ ಕಟ್ಟಿ ಬಿಡಿಸಿಬಿಟ್ಟೆ. ಭಾಳ ಅತ್ತಳ್ರಿ. ಏನ್ ಮಾಡೂದು, ನನ್ನಂಗ ಆಗಬಾರದಲ್ಲ."

ನಾನು ಆಗಲಾದರೂ ಹೇಳಬಹುದಿತ್ತು. ಪಕ್ಕದಲ್ಲೇ ಬೆಂಚಿತ್ತು, ಕೂತು ಹೇಳಬಹುದಿತ್ತು. ಸರತಿ ಮುಂದೆ ಸರಿಯುತ್ತಿತ್ತು, ಯಾರೋ ಅಂಟು ಕೇಳುತ್ತಿದ್ದರು. ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು ಅಂದದ್ದೇನು ಗೊತ್ತಲ್ಲ —

"ಚೊಲೋ ಮಾಡಿದಿ ಬಿಡವ್ವಾ."

ಆಮೇಲೆ ನೀನು ಒಂದು ಚೀಟಿಯಲ್ಲಿ ಸನತ್‌ನಗರದ ವಿಳಾಸ ಬರೆದುಕೊಟ್ಟೆ, ಮನಿಗೆ ಬರ್ರಿ ಅಂತ. ಬಲಗೈಯಲ್ಲಿ, ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಬರೆದೆ. ಮೂವತ್ತು ವರ್ಷ ಬಲಗೈಯಲ್ಲೇ ಬರೆದರೂ ಅಕ್ಷರ ಇನ್ನೂ ಸೊಟ್ಟಗೇ ಇವೆ. ಆ ಚೀಟಿ ಈಗ ನನ್ನ ಎದುರಿಗಿದೆ. ಅಂದರೆ ನಾನು ಹೇಳಿದ ‘ಬಿತ್ತು’ ಎಂಬ ಒಂದು ಶಬ್ದವನ್ನು ನೀನು ಅಷ್ಟೂ ವರ್ಷ ಸಾಕಿದ್ದೀ. ಸಾಲದೆಂದು ಅದನ್ನು ಮಗಳಿಗೂ ಕೊಟ್ಟಿದ್ದೀ. ನಾನು ಕಿತ್ತುಕೊಂಡದ್ದು ಕುರ್ಚಿಯೊಂದನ್ನೇ ಎಂದುಕೊಂಡಿದ್ದೆ. ನೋಡದ ಒಂದು ಮಗುವಿನ ಕೈಗೂ ನಾನೇ ಬಟ್ಟೆ ಕಟ್ಟಿದ್ದೇನೆ.

ತರಬೇತಿಯವರಿಗೆ ನಿನ್ನೆ ಕಾಗದ ಬರೆದು ಹಾಕಿದೆ: ಕೈಪಿಡಿಯಲ್ಲಿರುವ ಎಡಗೈ ರೀತಿ ನನ್ನದಲ್ಲ, ಸುಮಿತ್ರಾ ಎಂಬ ಅಭ್ಯರ್ಥಿಯದು, ಅವಳ ಬಗ್ಗೆ ನಾನು ಬರೆದ ವರದಿ ಸುಳ್ಳು. ಅವರು ತಿದ್ದುತ್ತಾರೋ, ಮುದುಕನಿಗೆ ಅರಳುಮರಳು ಎಂದು ಕಡತದೊಳಗೆ ಸೇರಿಸುತ್ತಾರೋ ಗೊತ್ತಿಲ್ಲ. ಪ್ರಶಂಸಾಪತ್ರವನ್ನು ಗೋಡೆಯಿಂದ ಇಳಿಸಿದೆ. ಇಂದಿರಾ ಯಾಕೆ ಎಂದಳು. ಇವತ್ತು ಸಂಜೆ ಅವಳಿಗೆ ಇದನ್ನು ಓದಲು ಕೊಡುತ್ತೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಗೆ ಹಾಕಿದರೆ ನಿನ್ನ ಮುಖ ನೋಡುವುದು ತಪ್ಪುತ್ತದೆ, ಆ ಸೌಕರ್ಯ ನನಗೆ ಬೇಡ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ನಾನೇ ತರುತ್ತೇನೆ. ಕ್ಷಮಿಸು ಎನ್ನಲು ಬರುತ್ತಿಲ್ಲ. ಅದನ್ನು ಕೇಳಿದರೆ ನಿನ್ನ ಹೆಗಲಿಗೆ ಇನ್ನೊಂದು ಕೆಲಸ ಹಾಕಿದಂತೆ. ನಿನ್ನ ಮಗಳನ್ನು ಹೊರಗೆ ಕರೆ. ಓದಿದ ಮೇಲೆ ನೀವಿಬ್ಬರೂ ನನ್ನನ್ನು ಒಳಗೆ ಕರೆಯದಿದ್ದರೆ ಹೊರಗಿನಿಂದಲೇ ಹಿಂತಿರುಗುತ್ತೇನೆ. ಆದರೆ ತಿರುಗುವ ಮೊದಲು ಆ ಮೈದಾನದಲ್ಲಿ ಆಡಬೇಕಿದ್ದ ಮಾತನ್ನು ನಿಮ್ಮ ಬಾಗಿಲಲ್ಲಿ, ನಿಮ್ಮಿಬ್ಬರಿಗೂ ಕೇಳುವಂತೆ ಆಡುತ್ತೇನೆ:

"ಬಿದ್ದಿರಲಿಲ್ಲವ್ವಾ. ನಿನ್ನ ಕೈ ನೆಟ್ಟಗ ಇತ್ತು."