ಹೊಬಾರ್ಟ್ ಪಕ್ಕದ ಜಾಗ

ವಂಶ ಹುಡುಕಿಕೊಂಡು ಬರುವವರೆಂದರೆ ನನಗೆ ಮೈಯೆಲ್ಲ ಉರಿ. ವರ್ಜೀನಿಯಾದ ನಮ್ಮ ನದೀತೀರದ ಕೌಂಟಿ ಕಚೇರಿಯಲ್ಲಿ ಹಳೇ ದಾಖಲೆಗಳ ಕೋಣೆ ನನ್ನ ಸುಪರ್ದಿನಲ್ಲಿದೆ. ಬೇಸಿಗೆ ಬಂತೆಂದರೆ ಸಾಕು, ಬಾಗಿಲಲ್ಲಿ ಸಾಲು. ಎಲ್ಲರಿಗೂ ಒಬ್ಬ ಕರ್ನಲ್ ಅಜ್ಜ ಬೇಕು. ಇಂಗ್ಲೆಂಡಿನ ರಾಜರ ಕಾಲದಲ್ಲಿ ಇಲ್ಲಿ ಇದ್ದವರೆಲ್ಲ ಕರ್ನಲ್‌ಗಳೇ ಆಗಿದ್ದರೆ ಹೊಗೆಸೊಪ್ಪು ಕೊಯ್ದವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಕೊಯ್ದವರ ಮೊಮ್ಮಗಳು ನಾನು, ಎದುರಿಗೇ ಕೂತಿರುತ್ತೇನೆ.

ಇವರೆಲ್ಲರಲ್ಲಿ ನಾನು ಸಹಿಸಿಕೊಂಡದ್ದು ಅರ್ಮಿಂಡಾ ಟಿಗ್ನರ್ ಒಬ್ಬಳನ್ನೇ. ಅವಳು ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದವಳು. ತಿರುವುಗಳನ್ನು ಎಷ್ಟು ಅಗಲವಾಗಿ ತೆಗೆದುಕೊಳ್ಳುತ್ತಿದ್ದಳೆಂದರೆ, ದಾರಿ ಪಕ್ಕದ ಮನೆಯವರು ಟಪಾಲು ಪೆಟ್ಟಿಗೆಗಳನ್ನು ಹಿಂದಕ್ಕೆ ನೆಟ್ಟುಕೊಂಡಿದ್ದರು. ಅವಳ ಗಂಡ ಹೊಬಾರ್ಟ್ ಇದಕ್ಕೆ ತದ್ವಿರುದ್ಧ. ಸೋಫಾದ ನಡುವೆ ಕೂತನೆಂದರೆ ಕೂತ. ಹೆಂಡತಿ ಕೂರಬೇಕೆಂದರೂ ಒಂದು ಗೇಣು ಜರುಗಿದ ಆಸಾಮಿಯಲ್ಲ. ಅದೇ ಸೋಫಾದ ಮೇಲೆ ಬೇಸ್‌ಬಾಲ್ ನೋಡುತ್ತಲೇ ತೀರಿಕೊಂಡ. ಅವನನ್ನು ಹ್ಯಾಲ್ಸಿ ವಂಶದ ಸ್ಮಶಾನದಲ್ಲಿ, ಇಟ್ಟಿಗೆ ಗೋಡೆಯ ಒಳಗೆ ಮಲಗಿಸಿದರು.

ಆ ಗೋಡೆಯೊಳಗೆ ಜಾಗ ಸಿಗುವುದು ಕರ್ನಲ್ ಆಂಬ್ರೋಸ್ ಹ್ಯಾಲ್ಸಿಯ ರಕ್ತದವರಿಗೆ ಮತ್ತು ಅವರ ಗಂಡ ಹೆಂಡಿರಿಗೆ ಮಾತ್ರ. ಅರ್ಮಿಂಡಾ ಕರ್ನಲನ ಮಗಳು ಪೇಷನ್ಸ್‌ಳ ಸಂತತಿ ಎಂದು ಎಲ್ಲರೂ ನಂಬಿದ್ದರು. ಆದರೆ ವಂಶಸ್ಥರ ಸಂಘಕ್ಕೆ ಯುಜೀನಿಯಾ ಲ್ಯಾಟಿಮೋರ್ ಅಧ್ಯಕ್ಷೆಯಾದಳು ನೋಡಿ, ಜಾಗ ಸಾಲದು ಎಂದು ತಕರಾರು ತೆಗೆದಳು. ಕರ್ನಲ್ ಸತ್ತ ಮೇಲೆ ಅವನ ಹೆಂಡತಿ ಟಬಿತಾ, ಬಾರ್ನಬಿ ಕ್ರ್ಯಾಬ್ ಎಂಬ ಯಾವನನ್ನೋ ಕಟ್ಟಿಕೊಂಡಿದ್ದಳಂತೆ. ತನ್ನ ವಂಶದ ಮೂಲಜ್ಜಿಯೂ ಸೇರಿ ಮೊದಲ ಇಬ್ಬರು ಹೆಣ್ಣುಮಕ್ಕಳು ಕರ್ನಲನವರು, ಪೇಷನ್ಸ್ ಮಾತ್ರ ಆ ಕ್ರ್ಯಾಬ್‌ನ ಮಗಳು ಎಂದು ಯುಜೀನಿಯಾಳ ವಾದ. ಹಾಗಾಗಿ ಅರ್ಮಿಂಡಾಗೆ ಜಾಗವಿಲ್ಲ. ಹೊಬಾರ್ಟ್ ವಿಷಯವನ್ನು ಸಂಘ ಆಮೇಲೆ ಯೋಚಿಸುತ್ತದೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು.

ಮರುದಿನ ಬೆಳಿಗ್ಗೆ ಅರ್ಮಿಂಡಾ ನನ್ನ ಮೇಜಿನ ಮುಂದೆ ಬಂದು ಕೈಚೀಲ ಕುಕ್ಕಿದಳು.

“ಡೋರ್ಥಾ, ನಂಗೆ ಕರ್ನಲ್ಲೂ ಬೇಡ, ಅವನ ಅಪ್ಪನೂ ಬೇಡ. ಆ ಮನುಷ್ಯನ ಪಕ್ಕದಲ್ಲಿ ಮಲಗ್ಬೇಕು, ಅಷ್ಟೇ. ಬದುಕಿದ್ದಾಗ ಅವನ ಗೊರಕೆಗೆ ಬೈತಿದ್ದೆ. ಈಗ ಅದಿಲ್ದೆ ನಿದ್ದೇನೇ ಬರಲ್ಲ ಕಣೇ.”

ಅವಳಿಗೆ ಹಳೆಯ ಕೈಬರಹ ಓದಲು ಬರುತ್ತಿರಲಿಲ್ಲ. ಹಟಕ್ಕೇನೂ ಕಡಿಮೆಯಿರಲಿಲ್ಲ. ಎರಡನೇ ವಾರಕ್ಕೇ ಕರ್ನಲನ ಜಮೀನಿನ ಹಕ್ಕುಪತ್ರದಲ್ಲಿ ಬಾರ್ನಬಿ ಕ್ರ್ಯಾಬ್‌ನ ಹೆಸರು ಕಣ್ಣಿಗೆ ಬಿತ್ತು. ಕ್ರ್ಯಾಬ್ ಕೂಡ ಜಮೀನ್ದಾರ, ಸ್ಮಶಾನದ ನೆಲವೂ ಅವನದೇ ಇರಬೇಕು, ಯುಜೀನಿಯಾಳೇ ಜಾಗ ಖಾಲಿ ಮಾಡಲಿ ಎಂದುಕೊಂಡು, ಕೇಕು ಬೇಯಿಸಿ ಚರ್ಚಿನವರಿಗೆಲ್ಲ ಹಂಚಿಬಿಟ್ಟಳು. ಪಾಪ, ಎಲ್ಲರೂ ಬೀಳುವ ಹಳ್ಳಕ್ಕೇ ಅವಳೂ ಬಿದ್ದಿದ್ದಳು. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬ ಆಳನ್ನು ಹಡಗು ಹತ್ತಿಸಿ ತಂದವನಿಗೆ ರಾಜ ಐವತ್ತು ಎಕರೆ ಕೊಡುತ್ತಿದ್ದ. ಹಕ್ಕುಪತ್ರದ ಕೊನೆಯಲ್ಲಿರುವುದು ಹಾಗೆ ತಂದ ಆಳುಗಳ ಹೆಸರು. ಕ್ರ್ಯಾಬ್ ಜಮೀನು ಪಡೆದವನಲ್ಲ, ಅವನನ್ನು ತೋರಿಸಿ ಕರ್ನಲ್ ಜಮೀನು ಪಡೆದಿದ್ದ. ಅದೂ ಒಂದು ಸಲವಲ್ಲ. ಅದೇ ಕ್ರ್ಯಾಬ್‌ನನ್ನು ಬೇರೆ ಬೇರೆ ವರ್ಷ ಕಾಗದದ ಮೇಲೆ ಮೂರು ಸಲ ಹಡಗಿನಿಂದ ಇಳಿಸಿದ್ದಾನೆ, ಭೂಪ. ಇದನ್ನು ಕೇಳಿ ಅರ್ಮಿಂಡಾ ಕೇಕು ಹಂಚಿದ ಮನೆಗಳನ್ನು ಬೆರಳು ಮಡಿಸಿ ಎಣಿಸಿದಳು. ಕೇಕನ್ನು ವಾಪಸು ಕೇಳುವ ಹಾಗಿರಲಿಲ್ಲವಲ್ಲ.

ಆಮೇಲೆ ನಾನೇ ಕರ್ನಲನ ಉಯಿಲನ್ನು ತೆಗೆದುಕೊಟ್ಟೆ. ಯುಜೀನಿಯಾ ಆಗಲಿ, ಅವಳ ಅಜ್ಜನಾಗಲಿ ಅದನ್ನು ನೋಡಿದವರಲ್ಲ. ಯಾರೋ ಪಾದ್ರಿ ಅಚ್ಚು ಹಾಕಿಸಿದ ವಂಶಾವಳಿಯೇ ಅವರಿಗೆ ವೇದವಾಕ್ಯ. ಎತ್ತು ಈಯಿತು ಎಂದು ಪಾದ್ರಿ ಬರೆದಿದ್ದರೆ ಕೊಟ್ಟಿಗೆಯಲ್ಲಿ ಕಟ್ಟುವ ಜನ. ನಾನು ಗಟ್ಟಿಯಾಗಿ ಓದಿದೆ. ಹೆಂಡತಿ ಟಬಿತಾಗೆ ಬದುಕಿರುವವರೆಗೆ ಮೂರರಲ್ಲೊಂದು ಪಾಲು ಜಮೀನು, ಮಾಳಿಗೆಯ ಒಂದು ಕೋಣೆ, ಅಡುಗೆಮನೆಯ ಒಲೆಯ ತನಕ ಓಡಾಡುವ ಹಕ್ಕು. ಅದಾದ ಮೇಲೆ ಅವಳಿಗೇ ಒಂದು ಗರಿ ಹಾಸಿಗೆ, ಹಿತ್ತಾಳೆ ಕಡಾಯಿ, ಡೈನಾ ಎಂಬ ಹೆಂಗಸು. ಎಲ್ಲ ಒಂದೇ ಸಾಲಿನಲ್ಲಿ. ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಗುಲಾಮರಾಗಿದ್ದ ನನ್ನ ಹಿರಿಯರು ಇರುವುದು ಅಂಥ ಸಾಲುಗಳಲ್ಲೇ, ಕಡಾಯಿಯ ಪಕ್ಕದಲ್ಲಿ. ಅವರು ಮಲಗಿರುವುದು ಅದೇ ಗೋಡೆಯ ಹೊರಗೆ, ಹೆಸರಿಲ್ಲದ ಕಾಡುಗಲ್ಲುಗಳ ಕೆಳಗೆ. ಅರ್ಮಿಂಡಾಗೆ ಇದು ಗೊತ್ತಿತ್ತು. ಹೊಬಾರ್ಟ್‌ನ ಗೋರಿಯ ಹುಲ್ಲು ಕತ್ತರಿಸಲು ಹೋದಾಗಲೆಲ್ಲ ಆ ಕಲ್ಲುಗಳ ಸುತ್ತಲೂ ಯಂತ್ರ ಓಡಿಸಿ ಬರುತ್ತಿದ್ದಳು. ನಾನು ಅವಳನ್ನು ಸಹಿಸಿಕೊಂಡದ್ದು ಅದಕ್ಕೇ.

“ಮುಂದೆ ಓದು,” ಎಂದಳು ಮೆಲ್ಲಗೆ.

ಮುಂದೆ ಇದ್ದದ್ದು ಬಾಂಬು. ನನಗೆ ಸಂತಾನವಿಲ್ಲದ ಕಾರಣ ಉಳಿದದ್ದೆಲ್ಲ ಬ್ರಿಸ್ಟಲ್ಲಿನಲ್ಲಿರುವ ಅಣ್ಣನ ಮಗನಿಗೆ ಎಂದು ಕರ್ನಲ್ ಸಾವಿನ ಹಾಸಿಗೆಯಲ್ಲಿ ಸ್ಪಷ್ಟವಾಗಿ ಬರೆಸಿದ್ದ. ಸಂತಾನವೇ ಇಲ್ಲ. ಅಂದರೆ ಪೇಷನ್ಸ್ ಒಬ್ಬಳೇ ಅಲ್ಲ, ಮೂವರು ಹೆಣ್ಣುಮಕ್ಕಳೂ ಕ್ರ್ಯಾಬ್‌ನವರೇ. ಗೋಡೆಯೊಳಗೆ ಮಲಗಿರುವ ಕರ್ನಲನ ರಕ್ತ ಕರ್ನಲ್ ಒಬ್ಬನದೇ.

ಹಾಗಾದರೆ ವಿಧವೆಯನ್ನು ಕಟ್ಟಿಕೊಂಡ ಕ್ರ್ಯಾಬ್‌ನಿಗೆ ಇಡೀ ಜಮೀನು ಹೇಗೆ ಉಳಿಯಿತು? ಬ್ರಿಸ್ಟಲ್ಲಿನವನು ಬರಲೇ ಇಲ್ಲ. ಆಗ ಇಲ್ಲೊಂದು ಪದ್ಧತಿಯಿತ್ತು. ನಾಲ್ಕು ವರ್ಷಕ್ಕೊಮ್ಮೆ ಊರವರು ಸೇರಿ ಜಮೀನಿನ ಎಲ್ಲೆಯ ಮೇಲೆ ನಡೆದು, ಗುರುತಿನ ಮರಗಳಿಗೆ ಹೊಸ ಕಚ್ಚು ಹಾಕುತ್ತಿದ್ದರು. ಮೂರು ಸಲ ನಡೆದಾಗಲೂ ಯಾರೂ ಆಕ್ಷೇಪಿಸದಿದ್ದರೆ ಮುಗಿಯಿತು, ಆ ಎಲ್ಲೆಯನ್ನು ಮುಂದೆ ಯಾರೂ ಅಲುಗಾಡಿಸುವ ಹಾಗಿಲ್ಲ. ಕ್ರ್ಯಾಬ್ ಮೂರು ಸಲವೂ ಎಲ್ಲರ ಮುಂದೆ ಎದೆ ಸೆಟೆಸಿ ನಡೆದಿದ್ದಾನೆ. ಅಕ್ಕಪಕ್ಕದವರಿಗೆ ಅವನ ಸೇಬಿನ ಮದ್ಯ ಹಿಡಿಸಿತ್ತೋ ಏನೋ, ಯಾರೂ ತುಟಿ ಬಿಚ್ಚಲಿಲ್ಲ.

ವಸಂತದಲ್ಲಿ ಸಂಘದ ಊಟ ಸ್ಮಶಾನದಲ್ಲೇ ನಡೆಯುತ್ತದೆ. ಅರ್ಮಿಂಡಾ ಉಯಿಲಿನ ನಕಲು ಹಿಡಿದು, ಎಲ್ಲರೆದುರು ಓದಿ ಯುಜೀನಿಯಾಳ ಮಾನ ಹರಾಜು ಹಾಕಬೇಕೆಂದೇ ಹೊರಟಳು. ತಮಾಷೆ ನೋಡಲು ನಾನೂ ಹೋದೆ, ಸುಳ್ಳೇಕೆ ಹೇಳಲಿ. ಹೋಗಿ ನೋಡಿದರೆ ಯುಜೀನಿಯಾ ಮೊಣಕಾಲೂರಿ, ಆ ಚಳಿಗಾಲದಲ್ಲಷ್ಟೇ ಮಣ್ಣು ಮಾಡಿದ್ದ ತಾಯಿಯ ಗೋರಿಯ ಮೇಲೆ ಹೂ ಸರಿಪಡಿಸುತ್ತಿದ್ದಳು. ಅರ್ಮಿಂಡಾ ನಿಂತುಬಿಟ್ಟಳು. ಬಸ್ಸಿಗೆ ಮಗು ಅಡ್ಡ ಬಂದರೆ ಬ್ರೇಕು ಹಾಕುವಾಗಿನ ಮುಖವೇ ಅದು. ಕೊನೆಗೆ ಕಾಗದವನ್ನು ಅವಳೊಬ್ಬಳ ಕೈಗೇ ಕೊಟ್ಟಳು.

ಯುಜೀನಿಯಾ ಓದಿದಳು. ಮತ್ತೊಮ್ಮೆ ಓದಿದಳು. ಮುಖ ಬಿಳಿಚಿಕೊಂಡಿತು.

“ಹಾಗಾದ್ರೆ ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?” ಎಂದಳು.

ಅವಳ ನಿಯಮ ಅವಳ ಕೊರಳಿಗೇ ಸುತ್ತಿಕೊಂಡಿತ್ತು. ನನಗೆ ಅವಳ ಮೇಲೆ ಮರುಕ ಬಂತು, ಬರಬಾರದೆಂದುಕೊಂಡರೂ.

“ಯಾರೂ ಎಲ್ಲಿಗೂ ಹೋಗೋದು ಬೇಡ,” ಎಂದಳು ಅರ್ಮಿಂಡಾ. “ನಮ್ಮಜ್ಜ ಕ್ರ್ಯಾಬ್ ಹೆಂಗೆ ಉಳಿಸ್ಕೊಂಡನೋ ನಾವೂ ಹಂಗೇ ಉಳಿಸ್ಕೊಳ್ಳೋಣ. ನಾಲ್ಕು ವರ್ಷಕ್ಕೊಂದು ಸುತ್ತು ಅಂದ್ರೆ ನಾನು ಬದುಕಿರಲ್ಲ, ಮೂರೂ ಇವತ್ತೇ ಮುಗಿಸೋಣ. ಏಳು, ನಡಿ.”

ಇಬ್ಬರೂ ಗೋಡೆಯ ಹೊರಸುತ್ತು ನಡೆದರು. ಇದೇನೋ ಹಳೆಯ ಶಾಸ್ತ್ರವಿರಬೇಕೆಂದು ಉಳಿದವರೂ ಆಲೂಗಡ್ಡೆ ಪಲ್ಯದ ತಟ್ಟೆ ಹಿಡಿದುಕೊಂಡೇ ಹಿಂದೆ ಬಂದರು. ಹಿಂದಿನ ಮೂಲೆಯಲ್ಲಿ ಅರ್ಮಿಂಡಾ ಗೋಡೆ ಹಿಡಿದು ತಿರುಗಲಿಲ್ಲ. ಮರಗಳ ಕಡೆಗೆ ಹೋಗಿ, ನಮ್ಮವರ ಕಾಡುಗಲ್ಲುಗಳನ್ನೂ ಸುತ್ತಿಕೊಂಡು ಬಂದಳು, ಮೂರು ಸಲವೂ. ಅವಳ ತಿರುವುಗಳು ಯಾವಾಗಲೂ ಅಗಲವೇ. ಮೂರನೇ ಸುತ್ತಿಗೆ ನಾನೂ ಸೇರಿಕೊಂಡೆ.

ಯಾರದಾದರೂ ಆಕ್ಷೇಪಣೆ ಉಂಟೋ ಎಂದು ಅರ್ಮಿಂಡಾ ಕೇಳಿದಳು. ಎಲ್ಲರ ಬಾಯಲ್ಲೂ ಹ್ಯಾಮ್ ಇತ್ತು. ಯುಜೀನಿಯಾ ಇಲ್ಲವೆಂದು ತಲೆಯಾಡಿಸಿ, ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

ಅರ್ಮಿಂಡಾ ಮಡಿಸುವ ಕುರ್ಚಿಯನ್ನು ತಂದು ಹೊಬಾರ್ಟ್‌ನ ಕಲ್ಲಿನ ಪಕ್ಕದಲ್ಲಿ ಬಿಡಿಸಿದಳು. ಕುರ್ಚಿಯ ಕಾಲು ಕಲ್ಲಿಗೆ ತಾಗಿತು. ಅವಳು ಕೂತು, ಶೂ ಕಳಚಿ, ಕಣ್ಣೊರೆಸಿಕೊಂಡಳು.

“ಇನ್ನಾದ್ರೂ ಸ್ವಲ್ಪ ಜರುಗೋ ಮಾರಾಯ.”