ಬೇಡಿ ತಂದ ಕಳೆ

ನನಗೆ ದೇವರಲ್ಲಿ ಭಕ್ತಿಯಿದೆ, ಮನುಷ್ಯರ ಬಗ್ಗೆ ತಕ್ಕಮಟ್ಟಿನ ಸಹನೆಯೂ ಇದೆ. ಕಳೆಯ ಮೇಲೆ ಮಾತ್ರ ಎಳ್ಳಷ್ಟೂ ಕರುಣೆಯಿಲ್ಲ. ಉಡುಪಿ ಕಡೆಯ ನಮ್ಮ ಶಿರ್ವದ ಮಳೆಯಲ್ಲಿ ಹೂದೋಟ ಮಾಡಲು ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನರ್ಸರಿಯಿಂದ ತಂದ ಗುಲಾಬಿ, ಎಷ್ಟು ಉಪಚಾರ ಮಾಡಿದರೂ ಬೀಗರ ಮನೆಯ ಊಟಕ್ಕೆ ಕುಳಿತ ಹಾಗೆ ಮುಖ ಸಿಂಡರಿಸಿಕೊಂಡೇ ಇರುತ್ತದೆ. ಕರೆಯದೆ ಬಂದ ಮುಟ್ಟಿದರೆ ಮುನಿ ನಾಲ್ಕೇ ದಿನದಲ್ಲಿ ಅಂಗಳವೆಲ್ಲ ತನ್ನದೆನ್ನುತ್ತದೆ.

ಮಣಿಪಾಲದಲ್ಲಿ ಪಾಠ ಹೇಳುವ ನನ್ನ ಭಾವಮೈದನ ಪ್ರಕಾರ ಕಳೆ ಎಂಬ ಜಾತಿಯೇ ಇಲ್ಲ. ನಮಗೆ ಬೇಡವಾದ ಜಾಗದಲ್ಲಿ ಹುಟ್ಟಿದ ಗಿಡಕ್ಕೆ ನಾವಿಟ್ಟ ಹೆಸರು ಅದು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು ಹೀಗೆ ಹೇಳಲು ಏನು ಕಷ್ಟ? ಅವನ ಕೃಷಿಯೆಂದರೆ ಬಾಟಲಿಯಲ್ಲಿಟ್ಟ ಒಂದು ಮನಿಪ್ಲಾಂಟ್. ಇನ್ನು ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಕಳೆಯನ್ನು ಗೆದ್ದೆವೆಂದು ಬೀಗುವವರಿದ್ದಾರೆ. ಎರಡನೆಯ ಮಳೆಗಾಲಕ್ಕೆ ಸಂದುಸಂದಿನಲ್ಲೂ ಗರಿಕೆ ಸಾಲಾಗಿ ಎದ್ದು ನಿಂತಿರುತ್ತದೆ.

ಇವರೆಲ್ಲರಿಗಿಂತ ಹೆಚ್ಚು ತಾತ್ಸಾರ ನನಗಿದ್ದದ್ದು, ನನ್ನನ್ನು ಮಾಮ್, ಅಂದರೆ ಮಾವ, ಎಂದು ಕರೆಯುವ ಪಕ್ಕದ ಮನೆಯ ಲಿಲ್ಲಿಬಾಯಿಯವರ ಬಗ್ಗೆ. ಅವರ ಕಂಪೌಂಡಿನೊಳಗೆ ಹುಟ್ಟಿದ್ದಕ್ಕೆಲ್ಲ ಬದುಕುವ ಹಕ್ಕಿದೆ. ಜೂನ್‌ನಲ್ಲಿ ಗೋಡೆಯ ಬಳಿ ನಿಂತು, ನಿಮ್ಮ ಗಿಡಗಳ ಬೀಜವೆಲ್ಲ ನಮ್ಮ ಕಡೆ ಹಾರಿ ಬರುತ್ತದೆ, ಸೋಮಾರಿತನಕ್ಕೂ ಒಂದು ಮಿತಿ ಬೇಡವೇ ಎಂದು ಕೇಳಿಯೇಬಿಟ್ಟೆ. ಅವರು ತಿರುಗಿ ಒಳಗೆ ಹೋದರು. ಗೆದ್ದೆನೆಂದುಕೊಂಡೆ.

ಆಮೇಲೆ ಶ್ರಾವಣ ಬಂತು. ನಮ್ಮ ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಆದಿತ್ಯವಾರ ಹೆಂಗಸರು ಹೂ, ಗರಿಕೆ, ಎಲೆಯ ಕುಡಿಗಳನ್ನು ಬಾಳೆನಾರಿನಿಂದ ಪುಟ್ಟ ಕಟ್ಟು ಕಟ್ಟಿ ತುಳಸಿಗೂ ಹೊಸ್ತಿಲಿಗೂ ಇಟ್ಟು ಪೂಜಿಸುತ್ತಾರೆ. ಮತ್ತೆ ಹಿರಿಯರ ಕೈಗೆ ಕೊಟ್ಟು ಕಾಲಿಗೆರಗುತ್ತಾರೆ. ಅದೇ ಚೂಡಿ. ಹೊಸ ಸೊಸೆ ಶ್ರೇಯಾಳಿಗೆ ಇದು ಮೊದಲ ಚೂಡಿ. ಕಾರ್ಕಳದಿಂದ ಅವಳ ತಂದೆತಾಯಿ ಬರುವವರು. ಬೀಗರ ಕಣ್ಣಿಗೆ ನಮ್ಮ ಮನೆ ಚೊಕ್ಕಟವಾಗಿ ಕಾಣಬೇಡವೇ? ಗುರುವಾರ ಇಡೀ ದಿನ ಸೊಂಟ ಬಗ್ಗಿಸಿ ಕಳೆ ಕಿತ್ತೆ, ಒಂದೆಳೆ ಬಿಡಲಿಲ್ಲ. ಕಿತ್ತದ್ದನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ.

ಸಂಜೆ ಹೆಂಡತಿ ಬುಟ್ಟಿ ಹಿಡಿದು ಹೊರಗೆ ಬಂದವಳು ಮೆಟ್ಟಿಲಲ್ಲೇ ನಿಂತಳು. ಹಿಂದೆ ಸೊಸೆ.

"ಇಲ್ಲಿದ್ದದ್ದೆಲ್ಲ ಎಲ್ಲಿ?"

ಕಿತ್ತೆ ಎಂದೆ, ಹೆಮ್ಮೆಯಿಂದಲೇ.

"ಹಾಗಾದರೆ ನಾಳೆ ಚೂಡಿಗೆ ಎಂತ ಕಟ್ಟುವುದು? ನಿಮ್ಮ ಗುಲಾಬಿಯ ಮುಳ್ಳಾ?"

ಮಲ್ಲಿಗೆಯಾದರೆ ಉಡುಪಿಯಿಂದ ತರಬಹುದು. ಅಂಗಳದ ಈ ಹುಲ್ಲುಕುಡಿಗಳನ್ನು ಯಾವ ಅಂಗಡಿಯವನು ಇಟ್ಟುಕೊಂಡಿರುತ್ತಾನೆ? ನಲವತ್ತು ವರ್ಷ ಪ್ರತಿ ಶ್ರಾವಣದಲ್ಲೂ ಕೈಯೊಡ್ಡಿ ತೆಗೆದುಕೊಂಡ ಕಟ್ಟಿನೊಳಗೆ ಏನೇನಿದೆಯೆಂದು ಈ ಕಳೆತಜ್ಞ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಶ್ರೇಯಾ ಪರವಾಗಿಲ್ಲ ಎಂದಳು. ಅವಳ ಮುಖ ಮಾತ್ರ ಬಾಡಿಹೋಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಬೇರೆ ದಾರಿಯಿರಲಿಲ್ಲ. ಬುಟ್ಟಿ ಹಿಡಿದು ಲಿಲ್ಲಿಬಾಯಿಯವರ ಗೇಟಿನ ಮುಂದೆ ನಿಂತು, ಸ್ವಲ್ಪ ಕಳೆ ಬೇಕಿತ್ತು ಎಂದೆ. ಈ ಮಾತನ್ನು ನನಗಿಂತ ಮೊದಲು ಯಾರೂ ಆಡಿರಲಾರರು. ಅವರು ನಗಲೂ ಇಲ್ಲ, ಜೂನ್ ತಿಂಗಳನ್ನು ನೆನಪಿಸಲೂ ಇಲ್ಲ, ಗೇಟು ತೆರೆದರು. ನಾನು ಅಭ್ಯಾಸಬಲದಿಂದ ಗರಿಕೆಯ ಬುಡಕ್ಕೇ ಕೈ ಹಾಕಿದೆ.

"ಬೇರು ಸಮೇತ ಬೇಡ ಮಾಮ್, ತುದಿ ಮಾತ್ರ ಚಿವುಟಿ. ಮುಂದಿನ ತಿಂಗಳು ನಮ್ಮ ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ, ಉಂಟಲ್ವಾ? ಮರಿಯಮ್ಮನಿಗೆ ಹಾಕಲು ಇಗರ್ಜಿಗೆ ಹೂ ಕೊಂಡುಹೋಗುವುದು ಇಲ್ಲಿಂದಲೇ."

ನಾನು ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಚಿವುಟಲು ಹೇಳಿಕೊಟ್ಟ ಗುರು ಅವರು.

ಶುಕ್ರವಾರ ಬೀಗರ ಎದುರಿಗೆ ಸೊಸೆ ಚೂಡಿ ಕೊಟ್ಟು ಕಾಲಿಗೆರಗಿದಳು. ಹರಸುವ ಮೊದಲು ನಾನು ಆ ಕಟ್ಟನ್ನು ಬಿಡದೆ ನೋಡಿದೆ. ನನ್ನ ಶತ್ರುಗಳೆಲ್ಲ ಒಂದೇ ಬಾಳೆನಾರಿನಲ್ಲಿ ಒತ್ತಾಗಿ ಕುಳಿತಿದ್ದರು. ಚೆನ್ನಾಗಿಯೇ ಕಾಣುತ್ತಿದ್ದರು, ಸುಳ್ಳೇಕೆ ಹೇಳಲಿ.

ಮುಟ್ಟಿದರೆ ಮುನಿಯ ಮೇಲೆ ನನ್ನ ತಾತ್ಸಾರ ಇಂದಿಗೂ ಹಾಗೆಯೇ ಇದೆ, ಭಾವಮೈದನ ಮೇಲೂ. ಆದರೆ ಒಣಗಿದ ಚೂಡಿಗಳನ್ನು ಹಾಕಿದ ತುಳಸಿಯ ಬುಡದಲ್ಲಿ ಈಗ ಒಂದಿಷ್ಟು ಸಸಿಗಳು ಎದ್ದಿವೆ. ನಾನು ಅವಕ್ಕೆ ಕೈ ಹಚ್ಚಿಲ್ಲ. ಮೊನ್ನೆ ಅವುಗಳ ಸುತ್ತಲಿನ ಬೇರೆ ಕಳೆ ಕೀಳುತ್ತಿದ್ದಾಗ ಗೋಡೆಯಾಚೆ ಲಿಲ್ಲಿಬಾಯಿ ನಿಂತು ನೋಡಿದರು.

"ಚೆನ್ನಾಗಿ ಬಂದಿದೆ ಮಾಮ್. ಬೀಜ ಈಚೆಗೆ ಹಾರಿದರೆ ನಾನು ಎಂತದೂ ಹೇಳುವುದಿಲ್ಲ."