ಎದುರುಮನೆಯ ಫೋನಿಗೆ ಬಂದ ಕೆಲಸ

ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಒಂದು ಅರ್ಜಿ ಫಾರಂ ಸಿಕ್ಕಿಸಿತ್ತು. ಅಪ್ಪ ತಮ್ಮ ಕಾರ್ಖಾನೆಯಿಂದ ತಂದದ್ದು. ನನ್ನ ಹೆಸರು, ಹುಟ್ಟಿದ ದಿನ, ಅಪ್ಪನ ಟೋಕನ್ ನಂಬರು ಎಲ್ಲವನ್ನೂ ಅವರೇ ತುಂಬಿದ್ದರು. ನನ್ನ ಸಹಿಯೊಂದು ಬಾಕಿ. ನಾನು ಎಂ.ಎ.ಗೆ ಸೇರಿ ಆಗ ಮೂರು ತಿಂಗಳಾಗಿತ್ತು.

"ಸೋಮವಾರದೊಳಗೆ ಒಂದು ಪಾರ್ಟ್‌ಟೈಮ್ ಕೆಲ್ಸ ಹುಡುಕ್ಕೊಂಡ್ರೆ ಓದು, ನಾನು ಬೇಡ ಅನ್ನಲ್ಲ," ಎಂದರು ಅಪ್ಪ. "ಇಲ್ಲಾ, ಮಂಗಳವಾರ ಬೆಳಿಗ್ಗೆ ನನ್ನ ಜೊತೆ ಫ್ಯಾಕ್ಟರಿ ಬಸ್ ಹತ್ತು."

ಅರ್ಧ ಗಂಟೆಯೊಳಗೆ ನಾನು ಅಡುಗೆಮನೆಯಲ್ಲಿ ಈ ಮಾತನ್ನು ಅಪ್ಪನ ಕೆಮ್ಮಿನ ಸಮೇತ ಅಮ್ಮನಿಗೆ ಮಾಡಿ ತೋರಿಸಿದೆ. ಅಮ್ಮ ನಗಲಿಲ್ಲ. ತಿರುಗಿ ನೋಡಿದರೆ ಅಪ್ಪ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಇದು ನನ್ನ ಕಾಯಿಲೆ. ಯಾರ ಮಾತು ಕೇಳಿದರೂ ಎರಡನೆಯ ದಿನಕ್ಕೆ ಅವರು ನನ್ನ ಗಂಟಲಲ್ಲಿ ಮನೆ ಮಾಡಿರುತ್ತಾರೆ. ಬನಶಂಕರಿಯ ನಮ್ಮ ರಸ್ತೆಯ ಹಾಲಿನವನಿಂದ ಹಿಡಿದು ಕಂಡಕ್ಟರುಗಳವರೆಗೆ ಎಲ್ಲರೂ ಅಲ್ಲಿ ಬಾಡಿಗೆಗಿದ್ದರು. ಈ ಮೊದಲು ಜೆ.ಪಿ. ನಗರದಲ್ಲಿ ಒಂದು ಟ್ಯೂಷನ್ ಸಿಕ್ಕಿ ನಾಲ್ಕೇ ದಿನಕ್ಕೆ ಹೋದದ್ದೂ ಇದರಿಂದಲೇ. ಹುಡುಗನಿಗೆ ಅವನ ಅಜ್ಜಿಯ ದನಿಯಲ್ಲಿ ಮಗ್ಗಿ ಹೇಳಿಕೊಟ್ಟಿದ್ದೆ. ಅವನು ಚೆನ್ನಾಗಿಯೇ ಕಲಿತ. ಅಜ್ಜಿಗೇ ಒಪ್ಪಿಸಿಬಿಟ್ಟ.

ಉಳಿದದ್ದು ಜಯನಗರದ ಒಂದು ಪ್ರೆಸ್ಸು. ಮನೆಯ ಮುಂದಿನ ಗ್ಯಾರೇಜಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡುವ ಪುಟ್ಟ ಜಾಗ. ಅಲ್ಲಿ ಕರಡು ತಿದ್ದುವವರು ಸ್ವತಃ ಮಾಲೀಕರೇ. ಅವರೆದುರು ಕೂತು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಲು ಒಬ್ಬ ಬೇಕಾಗಿದ್ದ. ಅಕ್ಷರ ಮಾತ್ರವಲ್ಲ, ಚಿಹ್ನೆಗಳನ್ನೂ ಓದಬೇಕು: "ರಾಮನು ಬಂದನು ಫುಲ್‌ಸ್ಟಾಪ್, ಆದರೆ ಕಾಮಾ..." ಹೀಗೆ. ಅವರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯುತ್ತಾರೆ. ಮೂವತ್ತು ವರ್ಷ ಇದೇ ಮಾಡಿ ಮಾಡಿ ಅವರ ಮಾತಿಗೂ ಚಿಹ್ನೆಗಳು ಅಂಟಿಬಿಟ್ಟಿದ್ದವು.

"ಕೂತ್ಕೋಪ್ಪ, ಕಾಮಾ, ಕಾಫಿ ಕುಡೀತೀಯಾ, ಪ್ರಶ್ನೆ," ಎಂದರು ಮೊದಲ ದಿನ, ನಶ್ಯವನ್ನು ಸೊರ್ರೆಂದು ಎಳೆದುಕೊಂಡು. ನನ್ನ ಕಿವಿ ನೆಟ್ಟಗಾಯಿತು. ಇಂಥ ಮಾಲು ವರ್ಷಕ್ಕೊಂದು ಸಿಕ್ಕಿದರೆ ಪುಣ್ಯ.

ಓದಲು ಕೊಟ್ಟದ್ದು ಮಕ್ಕಳ ಕಥೆ. ನರಿಗೆ ನರಿಯ ದನಿ, ಮೊಸಳೆಗೆ ಮೊಸಳೆಯ ದನಿ ಕೊಟ್ಟು ಓದಿದೆ. ಮೊಳೆ ಜೋಡಿಸುವವರೆಲ್ಲ ಕೈ ನಿಲ್ಲಿಸಿ ನಕ್ಕರು. ಮಾಲೀಕರೂ ನಕ್ಕರು. ಕೊನೆಗೆ ಅವರು ಹಾಳೆಯನ್ನು ಇನ್ನೊಮ್ಮೆ ತಾವೇ ನೋಡಿದರು, ನಗು ಇಳಿಯಿತು. ನಾನು ಓದುವಾಗ ಅವರ ಕಣ್ಣಿಗೆ ನಾಲ್ಕು ತಪ್ಪು ತಪ್ಪಿಸಿಕೊಂಡಿದ್ದವು. ಒಂದು ಕಡೆ ಅಚ್ಚಿನಲ್ಲಿ ಮೊಸಳೆಯೇ ಇರಲಿಲ್ಲ.

"ನೋಡೋಣ. ಶನಿವಾರ ಫೋನ್ ಮಾಡಿ ಹೇಳ್ತೀನಿ. ನಂಬರ್ ಇದ್ಯಾ, ಪ್ರಶ್ನೆ," ಎಂದರು.

ನಂಬರ್ ಇತ್ತು. ನಮ್ಮದಲ್ಲ. ಆಗ ರಸ್ತೆಗೆ ಒಂದು ಫೋನು ಇದ್ದರೆ ಹೆಚ್ಚು. ಎಲ್ಲರೂ ಆ ಮನೆಯ ನಂಬರು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುತ್ತಿದ್ದರು. ಅಂದರೆ, ಕರೆ ಬಂದರೆ ಆ ಮನೆಯವರು ನಮ್ಮನ್ನು ಕೂಗಿ ಕರೆಯಬೇಕು. ನಮ್ಮ ಪಾಲಿಗೆ ಅದು ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರರದು. ಕಸೂತಿ ಬಟ್ಟೆ ಹೊದ್ದು, ಡಯಲಿಗೆ ಬೀಗ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿರುತ್ತಿತ್ತು. ಬೇರೆಯವರಿಗೆ ಕರೆ ಬರುವುದಾದರೆ ಸಂಜೆ ಐದರಿಂದ ಏಳರೊಳಗೆ ಬರಬೇಕು. ಕಾಲು ತೊಳೆದು ಒಳಗೆ ಹೋಗಬೇಕು.

ನನ್ನ ಪಾಲಿಗೆ ಇನ್ನೊಂದು ತೊಡಕಿತ್ತು. ಹಿಂದಿನ ತಿಂಗಳು ನಾನು ಕಾಯಿನ್ ಬಾಕ್ಸಿನಿಂದ ಅದೇ ಫೋನಿಗೆ ಟೆಲಿಫೋನ್ ಇಲಾಖೆಯವನ ದನಿಯಲ್ಲಿ ಮಾತಾಡಿ, "ಲೈನ್ ಟೆಸ್ಟು ಸಾರ್, ಐದು ಸಲ ಜೋರಾಗಿ ಹಲೋ ಅನ್ನಿ," ಎಂದಿದ್ದೆ. ಅವರು ಅಂದರು. ರಸ್ತೆಯೆಲ್ಲ ಕೇಳಿಸಿತು. ಆಮೇಲೆ ಸತ್ಯವೂ ಕೇಳಿಸಿತು.

"ಇದೊಂದು ಸಲ, ಅಂಕಲ್. ನನ್ನ ಓದಿನ ಪ್ರಶ್ನೆ."

"ಒಂದೇ ಸಲ. ನಿಮ್ಮಮ್ಮನ ಮುಖ ನೋಡಿ ಒಪ್ಕೊಂಡಿದೀನಿ, ನಿಂದಲ್ಲ," ಎಂದರು.

ಶನಿವಾರದವರೆಗೆ ಸುಮ್ಮನಿದ್ದೆನೇ? ಬಸ್‌ಸ್ಟಾಪಿನಲ್ಲಿ ದಿನಾ ಪ್ರೆಸ್ ಮಾಲೀಕರನ್ನು ಮಾಡಿದೆ. ವಿಲ್ಸನ್ ಗಾರ್ಡನ್ನಿನಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬ ಬಿದ್ದು ಬಿದ್ದು ನಕ್ಕು, ಎರಡೇ ದಿನಕ್ಕೆ ತಾನೂ ಕಲಿತುಬಿಟ್ಟ. "ಗುರು, ಕಾಮಾ, ಬಸ್ ಬಂತು, ಫುಲ್‌ಸ್ಟಾಪ್," ಅನ್ನತೊಡಗಿದ. ಎದುರುಮನೆ ನಂಬರು ಅವನಿಗೂ ಗೊತ್ತಿತ್ತು.

ಶನಿವಾರ ಐದಕ್ಕೆ ಮೊದಲೇ ಕಾಲು ತೊಳೆದು ಅವರ ವರಾಂಡದಲ್ಲಿ ಕೂತೆ. ಐದೂವರೆ ಆಯಿತು. ಹೆಡ್‌ಮಾಸ್ಟರರು ಪೇಪರಿನ ಮೇಲಿಂದ ನನ್ನನ್ನೂ ಗಡಿಯಾರವನ್ನೂ ನೋಡುತ್ತಿದ್ದರು. ಆರಾಯಿತು. ನನ್ನ ಬನಿಯನ್ನು ಬೆವರಿಗೆ ಬೆನ್ನಿಗಂಟಿತ್ತು. ಆರೂ ಹತ್ತಕ್ಕೆ ಫೋನು ಬಡಿದುಕೊಂಡಿತು.

"ನಿಂಗೇ," ಎಂದು ಅವರು ರಿಸೀವರನ್ನು ಎರಡು ಬೆರಳಲ್ಲಿ ಹಿಡಿದುಕೊಟ್ಟರು.

"ಏನಪ್ಪಾ, ಕಾಮಾ, ಪ್ರೆಸ್ಸಿಂದ ಮಾತಾಡ್ತಿರೋದು, ಫುಲ್‌ಸ್ಟಾಪ್," ಎಂದಿತು ಆ ಕಡೆ. ಆಮೇಲೆ ಸೊರ್ರ್.

ನನಗೆ ಮೈ ಉರಿದುಹೋಯಿತು. ನನ್ನ ಬದುಕಿನ ಗಡುವು ಓಡುತ್ತಿರುವಾಗ ಈ ವಿಲ್ಸನ್ ಗಾರ್ಡನ್ನಿನವನಿಗೆ ತಮಾಷೆ! ಅದೂ ಎಷ್ಟು ಕೆಟ್ಟದಾಗಿ ಮಾಡುತ್ತಿದ್ದಾನೆ! ಅಸಲಿ ಮನುಷ್ಯ ಇಷ್ಟು ಮೂಗಿನಲ್ಲಿ ಮಾತಾಡುವುದಿಲ್ಲ. ತಿದ್ದದೆ ಇರಲಾಗಲಿಲ್ಲ. ನಾನೂ ಸೊರ್ರೆಂದು ಎಳೆದು, ಅವರದೇ ದನಿಯಲ್ಲಿ ಹೇಳಿದೆ:

"ಏನಪ್ಪಾ, ಕಾಮಾ, ಮೂಗು ಜಾಸ್ತಿ ಆಯ್ತು, ಕಾಮಾ, ನಶ್ಯ ಕಮ್ಮಿ ಮಾಡು, ಫುಲ್‌ಸ್ಟಾಪ್. ಹೊಸ ಪ್ಯಾರಾ. ಫೋನ್ ಇಡು ಮಗಾ, ಅಸಲಿ ಮುದುಕ ಫೋನ್ ಮಾಡೋ ಟೈಮು—"

ಅಷ್ಟರಲ್ಲಿ ಕಿಟಕಿಯಾಚೆ ನಮ್ಮ ಗೇಟಿನ ಮುಂದೆ ಒಂದು ಸೈಕಲ್ ನಿಂತಿತು. ವಿಲ್ಸನ್ ಗಾರ್ಡನ್ನಿನ ಗೆಳೆಯ ಇಳಿದು, ಸ್ಟ್ಯಾಂಡ್ ಹಾಕಿ, ನನ್ನತ್ತ ಕೈ ಬೀಸಿದ.



"ಯಾರು ಮಾತಾಡ್ತಿರೋದು," ಎಂದರು ಫೋನಿನಲ್ಲಿ ಪ್ರೆಸ್ ಮಾಲೀಕರು. ಈ ಸಲ ಕಾಮಾ ಇರಲಿಲ್ಲ, ಫುಲ್‌ಸ್ಟಾಪ್ ಇರಲಿಲ್ಲ. ನಾನು "ಸಾರ್" ಅನ್ನುವಷ್ಟರಲ್ಲಿ ಟಕ್ಕೆಂದು ಲೈನ್ ಹೋಯಿತು.

"ಅಂಕಲ್, ಒಂದು ಕಾಲ್ ಮಾಡ್ಲಾ? ಬೀಗದ ಕೈ..."

ಹೆಡ್‌ಮಾಸ್ಟರರು ಕಸೂತಿ ಬಟ್ಟೆಯನ್ನು ಫೋನಿನ ಮೇಲೆ ಹೊದಿಸಿದರು. "ಒಂದೇ ಸಲ ಅಂದಿದ್ದೆ."

ಗೆಳೆಯನ ಸೈಕಲ್ಲನ್ನು ಕಿತ್ತುಕೊಂಡೆ. ಪ್ರೆಸ್ಸು ಏಳಕ್ಕೆ ಮುಚ್ಚುತ್ತದೆ, ನಾಳೆ ಭಾನುವಾರ, ನಾಡಿದ್ದು ಗಡುವು. ಯಡಿಯೂರು ಕೆರೆ ದಾಟುವವರೆಗೆ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದೆ. ಮೊದಲು ಬಂದದ್ದು ಪುರೋಹಿತರ ದನಿ. ಆಮೇಲೆ ಚುನಾವಣೆಯಲ್ಲಿ ಸೋತವನದು. ಆಮೇಲೆ ಅಮ್ಮನದು. ಪೆಡಲ್ ತುಳಿಯುತ್ತ ತುಳಿಯುತ್ತ ಭಯ ಹತ್ತಿತು: ಇಷ್ಟು ಜನ ಒಳಗಿದ್ದಾರೆ, ಕ್ಷಮಿಸಿ ಅನ್ನಲು ಒಬ್ಬನೂ ಲಾಯಕ್ಕಿಲ್ಲ.

ಗ್ಯಾರೇಜಿನ ಒಂದು ಬಾಗಿಲು ಆಗಲೇ ಹಾಕಿತ್ತು. ಮಾಲೀಕರು ದೀಪದ ಕೆಳಗೆ ಹಾಳೆ ಹರಡಿಕೊಂಡಿದ್ದರು. ತಲೆ ಎತ್ತಲಿಲ್ಲ.

"ಯಾರು ಬಂದಿರೋದು? ನೀನೋ, ನಾನೋ?"

"ನಾನೇ ಸಾರ್. ತಪ್ಪಾಯ್ತು ಸಾರ್. ಗೆಳೆಯ ಅನ್ಕೊಂಡೆ."

"ಗೆಳೆಯನೂ ಮಾಡ್ತಾನಾ? ಭೇಷ್. ಊರೆಲ್ಲ ನಾನೇ." ಒಂದು ಚಿಟಿಕೆ ನಶ್ಯ ತೆಗೆದರು, ನನ್ನನ್ನು ನೋಡಿದರು, ಎಳೆಯದೆ ಡಬ್ಬಿಗೇ ಹಾಕಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದನ್ನು ನೋಡಲಾಗಲಿಲ್ಲ. "ಇನ್ನೊಂದು ಸಲ ಓದಿಸೋಣ ಅಂತಾನೇ ಫೋನ್ ಮಾಡಿದ್ದು. ಬಂದಿದ್ದೀಯಲ್ಲ, ಓದು."

ಸೀಮೆಬದನೆ ಬೆಳೆಯುವ ಕ್ರಮದ ಬಗ್ಗೆ ಕೈಬರಹದ ಹಾಳೆ. ಶುರು ಮಾಡಿದೆ. ಎರಡು ಸಾಲಿಗೆ ಅವರ ಪೆನ್ಸಿಲು ಮೇಜನ್ನು ಕುಟ್ಟಿತು.

"ಇದು ರೇಡಿಯೋದವರು. ಅವರಿಗೆ ಆಗ್ಲೇ ಕೆಲ್ಸ ಇದೆ."

ಮತ್ತೆ ಓದಿದೆ. ಮತ್ತೆ ಕುಟ್ಟಿತು.

"ಇದ್ಯಾರೋ ಮೇಷ್ಟ್ರು. ನೀನು ನಟನೆ ಮಾಡಿದ್ರೆ ನನ್ನ ಕಣ್ಣು ಕಥೆ ಕೇಳ್ತಾ ಕೂರುತ್ತೆ ಕಣಯ್ಯಾ, ತಪ್ಪು ನೋಡಲ್ಲ. ನಿನ್ನ ದನೀಲಿ ಓದು."

ಹುಡುಕಿದೆ. ನಿಜ ಹೇಳುತ್ತೇನೆ, ಎಲ್ಲಿಟ್ಟಿದ್ದೇನೆಂದು ನೆನಪಾಗಲಿಲ್ಲ. ಮೂರನೆಯ ಸಲ ಕೆಮ್ಮಿನ ಸಮೇತ ಅಪ್ಪ ಬಂದರು. ನಾಲ್ಕನೆಯ ಸಲ ಯಾರೂ ಬರಲಿಲ್ಲ. ಒಂದು ತೆಳ್ಳನೆಯ, ಸಪ್ಪೆ ದನಿ ಹೊರಟಿತು: "ಬಳ್ಳಿಗೆ ಚಪ್ಪರ ಬೇಕು ಫುಲ್‌ಸ್ಟಾಪ್. ನೀರು ಕಾಮಾ ನೆರಳು ಕಾಮಾ ಗೊಬ್ಬರ..."

ಪೆನ್ಸಿಲು ಕುಟ್ಟಲಿಲ್ಲ. ಹಾಳೆಯ ಅಂಚಿನಲ್ಲಿ ಸರಸರನೆ ಗುರುತು ಹಾಕತೊಡಗಿತು. "ನಿಲ್ಲು. ಇಲ್ಲಿ ನೆರಳೇ ಬಿಟ್ಟಿದ್ದಾರೆ," ಎಂದರು. ಮುಂದೆ ಒಂದು ಸಾಲೇ ಬಿಟ್ಟುಹೋದದ್ದು ಸಿಕ್ಕಿತು. ಹಾಳೆ ಮುಗಿದಾಗ ಏಳು ದಾಟಿತ್ತು.

"ಸೋಮವಾರ ನಾಲ್ಕಕ್ಕೆ ಬಾ. ಒಂದು ತಿಂಗಳು ನೋಡ್ತೀನಿ. ಈ ದನಿ ಮಾತ್ರ ಬರ್ಬೇಕು, ಕಾಮಾ, ಮಿಕ್ಕೋರು ಗೇಟಿನ ಹೊರಗೆ, ಫುಲ್‌ಸ್ಟಾಪ್." ಈಗ ನಶ್ಯ ಎಳೆದರು.

ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದರು. ಫೋನಿನ ಕಥೆ ರಸ್ತೆ ದಾಟಿ ಬಂದಿತ್ತೆಂದು ಅಮ್ಮನ ಮುಖವೇ ಹೇಳಿತು.

"ಕೆಲಸ ಸಿಕ್ತು," ಎಂದೆ. "ಸೋಮವಾರದಿಂದ ಬಾ ಅಂದಿದ್ದಾರೆ. ಒಂದು ತಿಂಗಳು ನೋಡ್ತಾರಂತೆ."

ಅಪ್ಪನ ಕೈಯ ತುತ್ತು ನಿಂತಿತು.

"ಇದ್ಯಾರ ದನಿಯೋ?"

"ನಂದೇ ಅಪ್ಪ."

"ಕೇಳ್ದಂಗೇ ಇಲ್ಲ."

ಊಟ ಮುಗಿಸಿ, ಕೈ ತೊಳೆದು, ಕ್ಯಾಲೆಂಡರಿನ ಹಿಂದಿನಿಂದ ಫಾರಂ ತೆಗೆದರು. ಹರಿಯುತ್ತಾರೆ ಎಂದುಕೊಂಡೆ. ಒಂದು ಸಲ ಕೆಮ್ಮಿದರು, ಕ್ಯಾಲೆಂಡರಿನ ಹಾಳೆಯೊಂದನ್ನು ಮೇಲೆತ್ತಿ, ಫಾರಮ್ಮನ್ನು ಮುಂದಿನ ತಿಂಗಳ ಹಿಂದೆ ಸಿಕ್ಕಿಸಿದರು.